ಮೂರನೆಯ ಗರಿ

ನಮ್ಮ ತಪಾಸಣಾ ಕೇಂದ್ರದ ಗೋಡೆಯ ಮೇಲೆ ಹನ್ನೊಂದು ವರ್ಷಗಳಿಂದ ಒಂದು ಮಾತು ದಪ್ಪ ಅಕ್ಷರಗಳಲ್ಲಿದೆ: ಮಾರುವವನು ಸುಳ್ಳು ಹೇಳಬಹುದು, ಕಾಗದ ಸುಳ್ಳು ಹೇಳಬಹುದು, ಗರಿ ಹೇಳುವುದಿಲ್ಲ. ಬರೆಸಿದವಳು ನಾನೇ. ಈಗ ಆ ಗೋಡೆ ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಹೆಸರು ವಾರಿಜಾ. ಪಡುತೀರ ಬಂದರಿನ ಪ್ರಾಣಿ ಆಮದು ತಪಾಸಣಾ ಕೇಂದ್ರದಲ್ಲಿ ಹಿರಿಯ ಪರೀಕ್ಷಕಿ, ಇಪ್ಪತ್ತೆರಡು ವರ್ಷಗಳ ಸೇವೆ. ಸಮುದ್ರ ದಾಟಿ ಈ ಕರಾವಳಿಗೆ ಬರುವ ಯಾವ ಜೀವವೂ ನನ್ನ ಕಣ್ಣು ತಪ್ಪಿಸಿ ಒಳಗೆ ಹೋಗುವಂತಿರಲಿಲ್ಲ. "ವಾರಿಜಕ್ಕ ತನ್ನ ನೆರಳನ್ನೂ ನಂಬುದಿಲ್ಲ" ಎಂದು ಕೇಂದ್ರದವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗೊಂಬೆಗಳ ಹೊಟ್ಟೆ ಕೊಯ್ದು, ಇನ್ನೂ ಉಸಿರಾಡುತ್ತಿದ್ದ ಓತಿಗಳನ್ನು ಹೊರಗೆ ತೆಗೆದವಳು ನಾನು. 'ಅಲಂಕಾರದ ಕಲ್ಲು' ಎಂದು ಬರೆದ ಪೆಟ್ಟಿಗೆಯೊಳಗೆ ಟೇಪು ಸುತ್ತಿದ ಆಮೆಗಳ ಕಾಲು ಬಿಡಿಸಿದವಳು ನಾನು. ಇಷ್ಟು ನೋಡಿದ ಮೇಲೂ ಕಂಡಕಂಡವರನ್ನು ನಂಬಲು ನನಗೇನು ಹುಚ್ಚೇ?

ಗರಿಯೋದುಗ ಬಂದ ಮೇಲೆ ಮಾತ್ರ ಅದೊಂದನ್ನು ನಂಬಿದೆ. ಮನೆಯ ಮಿಕ್ಸಿಗಿಂತ ಸ್ವಲ್ಪ ದೊಡ್ಡ ಯಂತ್ರ ಅದು. ಹಕ್ಕಿಯ ಗರಿ ಬೆಳೆಯುವಾಗ ಅದರ ಮೇಲೆ ದಿನಕ್ಕೊಂದು ಸಣ್ಣ ಗೆರೆ ಬೀಳುತ್ತದೆ. ಆ ದಿನ ಹಕ್ಕಿ ಹೆದರಿದ್ದರೆ, ಹಸಿದಿದ್ದರೆ, ನೊಂದಿದ್ದರೆ ಅದರ ರಕ್ತಕ್ಕೆ ಇಳಿಯುವ ರಸ ಆ ದಿನದ ಗೆರೆಯಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಗರಿ ಪೂರ್ತಿ ಬೆಳೆದ ಮೇಲೆ ರಕ್ತ ಹರಿಯುವುದು ನಿಲ್ಲುತ್ತದೆ, ಬರವಣಿಗೆಯೂ ನಿಲ್ಲುತ್ತದೆ. ಓದುಗ ಆ ಗೆರೆಗಳನ್ನು ಒಂದೊಂದಾಗಿ ಓದಿ, ಪರದೆಯ ಮೇಲೆ ಏರಿಳಿತ ತೋರಿಸಿ, ಕೊನೆಗೊಂದು ಸಂಖ್ಯೆ ಕೊಡುತ್ತದೆ. ಕಾಯ್ದೆಯಲ್ಲಿ ಅದಕ್ಕೆ 'ಸಂಕಟ ಸೂಚ್ಯಂಕ' ಎಂದು ಹೆಸರು. ನಾವು ಬರೀ 'ಸಂಕಟ' ಎನ್ನುತ್ತೇವೆ. ಸುಖವಾಗಿ ಸಾಕಿದ ಹಕ್ಕಿಗೂ ಹತ್ತು ಹನ್ನೆರಡು ಇದ್ದೇ ಇರುತ್ತದೆ. ಬೆಕ್ಕು ಕಂಡ ದಿನ, ಗುಡುಗಿದ ದಿನ, ಎಲ್ಲ ಸೇರಿ. ಕಾಡಿನಿಂದ ಬಲೆ ಬೀಸಿ ತಂದದ್ದಕ್ಕೆ ಐವತ್ತು ಅರವತ್ತು.

ನಲವತ್ತು ದಾಟಿದರೆ ಹಕ್ಕಿ ದೇಶದೊಳಗೆ ಬರುವಂತಿಲ್ಲ. ಕಳಿಸಿದ ದೇಶ ವಾಪಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇಪ್ಪತ್ತನಾಲ್ಕು ಗಂಟೆಯೊಳಗೆ 'ಶಾಂತಗೊಳಿಸತಕ್ಕದ್ದು' ಎಂದು ಕಾಯ್ದೆ ಹೇಳುತ್ತದೆ. ಅಂದರೆ ಸೂಜಿ. ಬಹಳ ನೊಂದ ಜೀವದ ಮೇಲೆ ಸರಕಾರದ ಕರುಣೆ ಅದು! ಮೋಸ ಮಾಡಿ ತಿದ್ದಿದ ಸರಕು ಎಂದು ಸಾಬೀತಾದರೂ ಅದೇ ಸೂಜಿ. ಮೋಸ ಮಾಡಿದವನಿಗಲ್ಲ, ಸರಕಿಗೆ.

ನಮೂನೆಯ ಕೊನೆಯಲ್ಲಿ 'ಸಂಕಟದ ಮೂಲ' ಎಂಬ ಒಂದು ಅಂಕಣವಿದೆ. ನಮ್ಮ ದೇಶದಲ್ಲೇ ಇರುವ ಒಬ್ಬ ವ್ಯಕ್ತಿ ಹಕ್ಕಿಯ ಸಂಕಟಕ್ಕೆ ಕಾರಣವೆಂದು ಪರೀಕ್ಷಕರು ಅಲ್ಲಿ ಹೆಸರು ಬರೆದು ರುಜು ಹಾಕಿದರೆ, ಆ ವ್ಯಕ್ತಿ ಜೀವಮಾನದಲ್ಲಿ ಮತ್ತೆ ಪ್ರಾಣಿ ಮುಟ್ಟುವ ಕೆಲಸ ಮಾಡುವಂತಿಲ್ಲ. ಮೂಲ ದೂರವಾಯಿತೆಂದು ಹಕ್ಕಿಗೆ ಸೂಜಿ ತಪ್ಪುತ್ತದೆ. ಹನ್ನೊಂದು ವರ್ಷಗಳಲ್ಲಿ ಒಬ್ಬರ ಹೆಸರನ್ನೂ ನಾವು ಬರೆದಿರಲಿಲ್ಲ. ನೋಯಿಸಿದವರು ಯಾವಾಗಲೂ ಸಮುದ್ರದ ಆಚೆ. ಬರೆಯುವ ಕೈನೋವು ತಪ್ಪಲಿ ಎಂದು ನಾನು 'ಗೊತ್ತಿಲ್ಲ' ಎಂಬ ರಬ್ಬರ್ ಸ್ಟಾಂಪನ್ನೇ ಮಾಡಿಸಿಟ್ಟಿದ್ದೆ.

ಆ ಸೋಮವಾರ ಬೆಳಿಗ್ಗೆ ನಲವತ್ತೆಂಟು ಬೂದು ಗಿಳಿಗಳು ಬಂದವು. ಕಳಿಸಿದವರು ಹೊರದೇಶದ 'ತಾಯಿಮಡಿಲು' ಎಂಬ ಹಕ್ಕಿ ಸಾಕಣೆಯವರು. ತರಿಸಿಕೊಂಡವರು ಯಾವುದೋ ರೆಸಾರ್ಟಿನವರು. ಹೆಸರು ಕೇಳಿದ ಕೂಡಲೇ ನನಗೆ ಅನುಮಾನ. ಒಳ್ಳೆಯ ಹಕ್ಕಿ ಮಾರುವವನು ತಾಯಿಯನ್ನು ಯಾಕೆ ಎಳೆದು ತರುತ್ತಾನೆ?

ನಿಯಮದಂತೆ ಪ್ರತಿ ಹಕ್ಕಿಯ ಬಲರೆಕ್ಕೆಯ ಮೂರನೆಯ ದೊಡ್ಡ ಗರಿಯ ಅಂಚನ್ನು ಬುಡದಿಂದ ತುದಿಯವರೆಗೆ ಕತ್ತರಿಸಿ ಓದುಗಕ್ಕೆ ಕೊಟ್ಟೆ. ಮೊದಲನೆಯದಕ್ಕೆ ಸಂಕಟ ನಾಲ್ಕು. ಎರಡನೆಯದಕ್ಕೆ ಮೂರು. ಮತ್ತೆ ನಾಲ್ಕು, ನಾಲ್ಕು, ಮೂರು. ನಲವತ್ತೆಂಟೂ ಮುಗಿದಾಗ ಐದರ ಮೇಲೆ ಒಂದೂ ಇರಲಿಲ್ಲ. ಪರದೆಯ ಮೇಲಿನ ಗೆರೆ ನೀರು ನಿಂತ ಗದ್ದೆಯ ಹಾಗೆ ಮಟ್ಟಸ.

"ನೋಡಿದ್ರಾ ಅಕ್ಕ? ಚಿನ್ನದಂಥ ಹಕ್ಕಿಗಳು" ಎಂದ ಕ್ಲಿಯರಿಂಗ್ ಏಜೆಂಟ್ ಬಂಗೇರ. ಸರಕು ಬಿಡಿಸಿಕೊಂಡು ಹೋಗುವುದು ಅವನ ಕಸುಬು. ನಗುವುದೂ ಅವನ ಕಸುಬು. "ಇನ್ನು ಸೀಲು ಒತ್ತಿ ಬಿಡಿ. ಲಾರಿ ಹೊರಗೆ ನಿಂತಿದೆ."

"ನಾಳೆ ಇನ್ನೊಂದು ಓದು ಉಂಟಲ್ಲ?"

"ಅದು ಬರೀ ಶಾಸ್ತ್ರ ಅಲ್ವಾ ಅಕ್ಕ?"

"ಶಾಸ್ತ್ರವೇ ಆಗ್ಲಿ. ಎರಡು ದಿನ, ಎರಡು ಓದು. ಲಾರಿಯವನಿಗೆ ಊಟ ಮಾಡ್ಲಿಕ್ಕೆ ಹೇಳು, ಮಲಗ್ಲಿಕ್ಕೂ ಹೇಳು."

ಅವನು ಹಲ್ಲು ಕಿರಿಯುತ್ತಾ ನಮ್ಮ ನಿರ್ದೇಶಕ ಡಾಕ್ಟರ್ ಸಲ್ಡಾನಾರ ಕೋಣೆಗೆ ಹೋದ. ಗಾಜಿನ ಬಾಗಿಲಿನಿಂದ ನೋಡಿದೆ. ಇಬ್ಬರೂ ಚಹಾ ಕುಡಿಯುತ್ತಿದ್ದರು. ಸಲ್ಡಾನಾ ಎರಡು ಸಲ ತಲೆ ಆಡಿಸಿದರು. ಓಹೋ, ಹೀಗೋ ಸಂಗತಿ ಎಂದುಕೊಂಡೆ.

ಗಿಳಿಗಳ ಕೋಣೆಗೆ ಹೋದೆ. ನಲವತ್ತೆಂಟು ಬೂದು ಗಿಳಿ ಇದ್ದ ಕೋಣೆಯೆಂದರೆ ಸಂತೆಯ ಗದ್ದಲ ಇರಬೇಕು. ಒಂದೂ ಉಸಿರೆತ್ತಲಿಲ್ಲ. ನಾನು ಬಾಗಿಲು ತೆರೆದ ಕೂಡಲೇ ಎಲ್ಲವೂ ಗೂಡಿನ ಹಿಂಬದಿಗೆ ಒತ್ತಿಕೊಂಡವು. ಮತ್ತೊಂದು ಸಂಗತಿ ಗಮನಿಸಿದೆ. ಯಾವ ಹಕ್ಕಿಯೂ ರೆಕ್ಕೆ ಬಿಚ್ಚುತ್ತಿರಲಿಲ್ಲ. ಗೂಡಿನಲ್ಲಿರುವ ಗಿಳಿ ದಿನಕ್ಕೆ ಹತ್ತು ಸಲವಾದರೂ ಮೈ ಮುರಿದು ರೆಕ್ಕೆ ಚಾಚುತ್ತದೆ. ಇವು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಂತೆ ಕೂತಿದ್ದವು.

ಹದಿನೇಳನೆಯ ಗೂಡಿನ ಹಕ್ಕಿಯ ರೆಕ್ಕೆ ಬಿಡಿಸಿ ನೋಂದಣಿಗೆ ಫೋಟೋ ತೆಗೆಯುತ್ತಿದ್ದಾಗ ಅದು ಮಾತಾಡಿತು. ಯಾವ ಭಾಷೆಯೋ ದೇವರಿಗೇ ಗೊತ್ತು. ಒರಟು ಗಂಡುದನಿಯಲ್ಲಿ ಒಂದೊಂದೇ ಚುಟುಕು ಮಾತು, ನಡುವೆ ಒಂದೇ ಅಳತೆಯ ಬಿಡುವು. ಬೆರಳು ಮಡಿಚಿ ಲೆಕ್ಕ ಇಟ್ಟೆ. ಹತ್ತು. ಆಮೇಲೆ ಮತ್ತೆ ಮೊದಲಿನಿಂದ ಹತ್ತು. ಎಣಿಸುತ್ತಿದೆ ಎಂದು ಹೊಳೆಯಿತು. ಏನನ್ನು ಎಂದು ಹೊಳೆಯಲಿಲ್ಲ.

"ಡಾಕ್ಟ್ರೇ, ಇದರಲ್ಲಿ ಏನೋ ಮಸಲತ್ತು ಉಂಟು" ಎಂದೆ ಸಲ್ಡಾನಾರ ಬಳಿ ಹೋಗಿ.

ಅವರು ಕನ್ನಡಕ ತೆಗೆದು ಒರೆಸಿದರು. "ಏನು ಅಂತ ಬರೀತೀರಿ ವಾರಿಜಾ? ಹಕ್ಕಿಗಳು ಹೆಚ್ಚು ಸುಖವಾಗಿವೆ, ಆದ್ದರಿಂದ ಅನುಮಾನ ಅಂತವಾ? ದೆಹಲಿಯವ್ರು ನಗ್ತಾರೆ. ಯಂತ್ರ ಹೇಳಿದ ಮೇಲೆ ನಮ್ಮದೆಂತ ಉಂಟು ಅದ್ರಲ್ಲಿ?"

ನಾನು ಹೊರಗೆ ಬಂದೆ. ಬಂಗೇರನ ಚಹಾ ಕೆಲಸ ಮಾಡಿದೆ ಎಂದೇ ಲೆಕ್ಕ ಹಾಕಿದೆ.

ಬಂದರಿನ ಕ್ವಾರ್ಟರ್ಸಿನಲ್ಲಿ ನನ್ನ ಜೊತೆ ಇರುವುದು ಸೋದರಮಾವ ಐತಪ್ಪ. ಎಪ್ಪತ್ತೊಂಬತ್ತು ವರ್ಷ, ಕಡ್ಡಿಯಂಥ ಮೈ, ಕತ್ತಿಯಂಥ ನಾಲಿಗೆ. ಪ್ರಾಯದಲ್ಲಿ ಕೋಳಿ ಅಂಕದಲ್ಲಿ ಹೆಸರು ಮಾಡಿದವರು. ಕಾಳಗದ ಕೋಳಿಯ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟುವುದರಲ್ಲಿ ಐತಪ್ಪಣ್ಣನನ್ನು ಮೀರಿಸಿದವರಿಲ್ಲ ಎಂದು ಈಗಲೂ ಮೀನು ಮಾರ್ಕೆಟಿನಲ್ಲಿ ಜನ ಹೇಳುತ್ತಾರೆ. ಪ್ರಾಣಿಹಿಂಸೆ ತಡೆಯುವ ಸರಕಾರಿ ನೌಕರಿಯವಳ ಮನೆಯಲ್ಲಿ ಇಂಥ ಮಾವ! ಸಾಲದ್ದಕ್ಕೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬೊಳ್ಳೆ ಎಂಬ ಬಿಳಿ ಹುಂಜ ಬೇರೆ. ಅದು ಯಾವ ಅಂಕಕ್ಕೂ ಹೋಗುವುದಿಲ್ಲ, ಅಕ್ಕಿ ತಿಂದು ಕೂಗುವುದೊಂದೇ ಅದರ ಕೆಲಸ ಎಂದು ನನ್ನ ಮೇಲೆ ಆಣೆ ಇಟ್ಟಿದ್ದಾರೆ. ಆದರೂ ನಾನು ವಾರಕ್ಕೊಮ್ಮೆ ಅದರ ಕಾಲು ನೋಡುತ್ತೇನೆ, ಗಾಯ ಉಂಟೋ ಎಂದು.

ಆ ಸಂಜೆ ಗಂಜಿಗೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ. ಫೋನಿನಲ್ಲಿದ್ದ ರೆಕ್ಕೆಯ ಫೋಟೋ ತೋರಿಸಿದೆ. ಮಾವ ಫೋನನ್ನು ದೂರ ಹಿಡಿದು, ಹತ್ತಿರ ತಂದು, ಕೊನೆಗೆ ಬಾಲ್ಕನಿಯ ಬೆಳಕಿಗೆ ಒಯ್ದರು.

"ನೀನು ನೋಡಿದ್ದು ಯಾವ ಗರಿ?"

"ಮೂರನೆಯದ್ದು. ಅದನ್ನೇ ನೋಡ್ಬೇಕು ಅಂತ ನಿಯಮ."

"ಪಕ್ಕದ್ದು?"

"ಪಕ್ಕದ್ದು ಯಾಕೆ?"

"ಅಯ್ಯೋ ಮಾರಾಯ್ತಿ!" ಮಾವ ಹಣೆ ಚಚ್ಚಿಕೊಂಡರು. ಬೊಳ್ಳೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಅದರ ರೆಕ್ಕೆಯನ್ನು ನನ್ನ ಮುಂದೆ ಬೀಸಣಿಗೆಯ ಹಾಗೆ ಬಿಡಿಸಿದರು. "ಇದನ್ನು ನೋಡು. ಈ ಗರಿ ಹೊಸತ್ತು, ಹೊಳೀತದೆ. ಇದರ ತುದಿ ಸವೆದಿದೆ. ಇದು ಹಳತ್ತು, ಬಣ್ಣ ಹೋಗಿದೆ. ಹಕ್ಕಿ ಗರಿ ಉದುರಿಸುದು ಒಂದೊಂದೇ ಮಾರಾಯ್ತಿ. ಒಟ್ಟಿಗೆ ಉದುರಿಸಿದ್ರೆ ಹಾರುದು ಹೇಗೆ? ಈಗ ನಿನ್ನ ಗಿಳಿ ನೋಡು. ಹತ್ತಕ್ಕೆ ಹತ್ತೂ ಹೊಸತ್ತು. ಒಂದೇ ವಾರದಲ್ಲಿ ಹುಟ್ಟಿದ್ದು."

ನಾನು ಫೋಟೋ ದೊಡ್ಡದು ಮಾಡಿ ಒಂದೊಂದೇ ಗರಿ ನೋಡಿದೆ.

"ಕಿತ್ತಿದ್ದಾರೆ" ಎಂದರು ಮಾವ. "ಎಲ್ಲವನ್ನೂ ಕಿತ್ತು, ಹೊಸತು ಬರುವ ತನಕ ಕತ್ತಲೆಯಲ್ಲಿಟ್ಟು, ಅಮಲಿನದ್ದೇನೋ ತಿನ್ನಿಸಿದ್ದಾರೆ. ಮತ್ತೆ ನಿನ್ನ ಯಂತ್ರಕ್ಕೆಂತ ಗೊತ್ತಾಗ್ತದೆ? ಅದಕ್ಕೆ ನಿದ್ದೆಯದ್ದು ಮಾತ್ರ ಕಾಣುದು."

"ನಿಮಗೆ ಹೇಗೆ ಗೊತ್ತು ಮಾವ?"

ಮಾವ ತುಂಬ ಹೊತ್ತು ಹುಂಜದ ಬೆನ್ನು ಸವರಿದರು. "ನಾನೇ ಮಾಡಿದ್ದಲ್ವಾ? ಅಂಕದಲ್ಲಿ ಸೋತು ಓಡಿದ ಕೋಳಿ ಮತ್ತೆ ಹೋರಾಡುದಿಲ್ಲ. ಅದರ ಕತ್ತಿನ ಗರಿ ಮುರಿದಿರ್ತದೆ, ನೋಡಿದವ್ರಿಗೆ ಗೊತ್ತಾಗಿ ಬಿಡ್ತದೆ. ಮುರಿದ ಗರಿ ಹಾಗೇ ಬಿಟ್ರೆ ವರ್ಷ ಆದ್ರೂ ಹಾಗೇ ಇರ್ತದೆ. ಕಿತ್ತು ಹಾಕಿದ್ರೆ ಆರು ವಾರದಲ್ಲಿ ಹೊಸತ್ತು. ದೂರದ ಊರಿನವ್ರಿಗೆ ಒಳ್ಳೆ ಕೋಳಿ ಅಂತ ದಾಟಿಸುದು. ಎಷ್ಟು ದಾಟಿಸಿದ್ದೇನೋ." ಅವರ ದನಿ ತಗ್ಗಿತು. "ಗರಿ ಹೊಸತಾಗ್ತದೆ ಮಗಾ. ಕಣ್ಣು ಮಾತ್ರ ಹಳತ್ತೇ."

ಹತ್ತರ ಎಣಿಕೆ ಏನೆಂದು ಆಗ ಗೊತ್ತಾಯಿತು. ಒಂದು ರೆಕ್ಕೆಯಲ್ಲಿ ಹತ್ತು ದೊಡ್ಡ ಗರಿಗಳು. ಎರಡು ರೆಕ್ಕೆಗೆ ಎರಡು ಸಲ ಹತ್ತು. ಯಾವನೋ ಒಬ್ಬ ಎಣಿಸುತ್ತಾ ಕಿತ್ತಿದ್ದಾನೆ. ಗಂಜಿಯ ಬಟ್ಟಲನ್ನು ದೂರ ತಳ್ಳಿದೆ. ಹನ್ನೊಂದು ವರ್ಷ, ಸಾವಿರಾರು ಹಕ್ಕಿ, ಮೂರನೆಯ ಗರಿ ಬಿಟ್ಟು ಎರಡನೆಯದರ ಕಡೆಗೆ ನಾನು ಕಣ್ಣು ಹಾಯಿಸಿದವಳಲ್ಲ. ಎಷ್ಟು ಸರಕಿಗೆ ಸೀಲು ಒತ್ತಿದ್ದೆನೋ ಎಂದು ನೆನೆದು ಅಳು ಬಂತು.

ಮರುದಿನ ಬೆಳಿಗ್ಗೆ ಸಲ್ಡಾನಾರನ್ನು ಎಳೆದುಕೊಂಡು ಬಂದು ಐದು ಹಕ್ಕಿಗಳ ರೆಕ್ಕೆ ಬಿಡಿಸಿ ತೋರಿಸಿದೆ. ಅವರ ಮುಖ ಬಿಳಿಚಿತು.

"ಇದನ್ನು ಬರೆದ್ರೆ ತಿದ್ದಿದ ಸರಕು ಅಂತ ಆಗ್ತದೆ" ಎಂದರು. "ನಾಳೆ ಬೆಳಿಗ್ಗೆಯೊಳಗೆ ನಲ್ವತ್ತೆಂಟಕ್ಕೂ ಸೂಜಿ. ಕೊಡ್ಬೇಕಾದವ ನಾನು."

"ಬರೀದಿದ್ರೆ?"

"ಬರೀದಿದ್ರೆ ಇವು ರೆಸಾರ್ಟಿಗೆ ಹೋಗ್ತವೆ. ಮುಂದಿನ ಹಡಗಿಗೆ ಇನ್ನೂರು ಬರ್ತದೆ ಅಂತ ಬಂಗೇರ ನಿನ್ನೆ ಹೇಳಿ ಹೋದ. ಅಲ್ಲಿ ಈಗಲೇ ಕೀಳ್ತಾ ಇರ್ಬಹುದು."

ಸತ್ಯ ಬರೆದರೆ ಇವು ಸಾಯುತ್ತವೆ, ಸುಮ್ಮನಿದ್ದರೆ ಇನ್ನಷ್ಟು ಹಕ್ಕಿಗಳ ಮೈ ಬೋಳಾಗುತ್ತದೆ. ಇಂಥ ಕಾಯ್ದೆ ಬರೆದವನು ಎದುರಿಗಿದ್ದಿದ್ದರೆ ನಾಲ್ಕು ಬಾರಿಸುತ್ತಿದ್ದೆ. ಕಾಯ್ದೆಯ ಪುಸ್ತಕವನ್ನೇ ತೆಗೆದು ಕೂತೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಸಿಕ್ಕಿತು. ಎರಡನೆಯ ಓದಿನ ಸಮಯದಲ್ಲಿ ಮೂರನೆಯ ಗರಿ ಬುಡಸಮೇತ ಉದುರಿ ಹೋಗಿದ್ದರೆ, ಹೊಸ ಗರಿ ಬೆಳೆಯುವವರೆಗೆ ಹಕ್ಕಿಯನ್ನು ಕೇಂದ್ರದಲ್ಲೇ ಇರಿಸತಕ್ಕದ್ದು. ಹೊಸ ಗರಿ ಬರಲು ಆರು ವಾರ, ಅಲ್ಲಿಯ ತನಕ ಯಾವ ಕಾರಣಕ್ಕೂ ಸೂಜಿ ಇಲ್ಲ. ಅಷ್ಟರೊಳಗೆ ನಮ್ಮ ವರದಿ ದೆಹಲಿ ಮುಟ್ಟಿ, ಸೂಜಿಯ ನಿಯಮ ತಡೆಯುವ ಆದೇಶ ಬಂದರೆ ಹಕ್ಕಿಗಳೂ ಉಳಿಯುತ್ತವೆ, ಆ ತಾಯಿಮಡಿಲಿಗೂ ಬೀಗ ಬೀಳುತ್ತದೆ.

ಆದರೆ ಗರಿ ತಾನಾಗಿ ಉದುರಬೇಕಲ್ಲ? ಕತ್ತರಿಸಿದರೆ ಬುಡ ಉಳಿಯುತ್ತದೆ, ಓದುಗಕ್ಕೆ ಬುಡ ಸಾಕು.

ಸಲ್ಡಾನಾ ಆ ಸಾಲನ್ನು ಎರಡು ಸಲ ಓದಿದರು. ನನ್ನ ಮುಖ ನೋಡಲಿಲ್ಲ. "ವರದಿ ನನಗೆ ಕೊಡಿ, ನಾನೇ ಕಳಿಸ್ತೇನೆ. ಈಗ ಊಟ ಮಾಡಿ ಬರ್ತೇನೆ. ಬರ್ಲಿಕ್ಕೆ ಎರಡು ಗಂಟೆ ಹೊತ್ತು ಆಗ್ಬಹುದು."

ವರದಿ ಇವರ ಮೇಜಿನ ಡ್ರಾಯರಿನಲ್ಲೇ ಕೊಳೆಯುತ್ತದೆ ಎಂದು ನನಗೆ ಖಾತ್ರಿ ಇತ್ತು. ಆದರೆ ಬೇರೆ ದಾರಿ ಇರಲಿಲ್ಲ. ಮನೆಗೆ ಓಡಿದೆ. ಮಾವನಿಗೆ ವಿಷಯ ಹೇಳಿದಾಗ ಅವರು ಬೊಳ್ಳೆಯನ್ನು ಹಿಡಿದು, ಗರಿಯನ್ನು ಕೀಳದೆ, ಹಿಡಿಯುವ ಬಗೆಯನ್ನು ಮಾತ್ರ ತೋರಿಸಿದರು. "ಎಡಗೈಯಲ್ಲಿ ಎಲುಬು ಒತ್ತಿ ಹಿಡಿ. ಗರಿಯ ಬುಡವನ್ನೇ ಹಿಡಿ. ಬೆಳೆದ ದಿಕ್ಕಿಗೇ ಎಳೆ, ಒಂದೇ ಸಲ. ನಡುವೆ ನೀನು ಅಂಜಿದ್ರೆ ಅದಕ್ಕೆ ಎರಡು ಪಾಲು ನೋವು."

ನಲವತ್ತೆಂಟು ಹಕ್ಕಿ, ನಲವತ್ತೆಂಟು ಗರಿ. ನಾನು ಹೊಡೆದು ಬಡಿದು ಅಭ್ಯಾಸ ಇರುವವಳಲ್ಲ. ಒಂದೊಂದನ್ನು ಹಿಡಿದಾಗಲೂ ಬಾಯಿಂದ ತಾನಾಗಿ ಹೊರಟಿತು: "ಒಂದೇ ಮಗಾ, ಒಂದೇ." ಕೆಲವು ಚೀರಿದವು. ಹೆಚ್ಚಿನವು ಚೀರಲೂ ಇಲ್ಲ, ಕಣ್ಣು ಮುಚ್ಚಿಕೊಂಡವು. ಹದಿನೇಳನೆಯದು ಎಣಿಸತೊಡಗಿತು. ಮೂರಕ್ಕೆ ಬಂದಾಗ ನಾನು ಎಳೆದೆ. ಅದು ನಿಲ್ಲಿಸಲಿಲ್ಲ. ಉಳಿದ ಏಳನ್ನೂ ನಡುಗುತ್ತಾ ಎಣಿಸಿ ಮುಗಿಸಿತು, ಇನ್ನೂ ಕೀಳುವುದಿದೆ ಎಂದು. "ಇಲ್ಲ ಮಗಾ, ಒಂದೇ, ಒಂದೇ" ಎನ್ನುತ್ತಾ ನಾನು ಗೂಡಿನ ಮುಂದೆ ಕೂತು ಅತ್ತುಬಿಟ್ಟೆ.

ಬಂಗೇರ ಹಾರಾಡಿದ. "ಅಷ್ಟೂ ಹಕ್ಕಿಗೆ ಒಂದೇ ಗರಿ ಉದುರಿತಾ ಅಕ್ಕ? ಯಾರ ಕಿವಿಗೆ ಹೂ ಇಡ್ತೀರಿ?"

"ನಿಮ್ಮ ತಾಯಿಮಡಿಲಿನವ್ರನ್ನೇ ಕೇಳು. ಅವರ ಹಕ್ಕಿಗೆ ಹತ್ತು ಗರಿ ಒಂದೇ ವಾರದಲ್ಲಿ ಹುಟ್ತದೆ ಅಂತಾದ್ರೆ ಒಂದು ಉದುರುದು ದೊಡ್ಡ ವಿಷಯವಾ?"

ಅವನ ನಗು ಅಲ್ಲಿಗೆ ನಿಂತಿತು. ಅವನು ಹೋದ ರೀತಿ ನೋಡಿ ನನಗೆ ದಿಗಿಲಾಯಿತು. ಈತ ಸುಮ್ಮನಿರುವವನಲ್ಲ. ಹಕ್ಕಿಗಳನ್ನು ಬದಲಾಯಿಸಿಬಿಟ್ಟರೆ? ಕಾಳಿನಲ್ಲಿ ಏನಾದರೂ ಬೆರೆಸಿಬಿಟ್ಟರೆ? ಕಾವಲುಗಾರ ಒಳ್ಳೆಯವನು, ಆದರೆ ಅವನಿಗೂ ಬಂಗೇರನ ಪರಿಚಯ ಉಂಟು. ಸಲ್ಡಾನಾರ ಬಗ್ಗೆಯಂತೂ ಹೇಳುವುದೇ ಬೇಡ. ವರದಿಯ ಬಗ್ಗೆ ಕೇಳಿದಾಗಲೆಲ್ಲ "ಕಳಿಸಿದ್ದೇನೆ, ಕಾಯ್ತಾ ಇದ್ದೇನೆ" ಎಂಬ ಒಂದೇ ಉತ್ತರ.

ಹಾಗಾಗಿ ಪ್ರತಿ ಗುರುವಾರ ಬೆಳಿಗ್ಗೆ ನಾನೇ ಹೋಗಿ ತಪಾಸಣೆ ಮಾಡಿದೆ. ಒಂದೊಂದು ಹಕ್ಕಿಯನ್ನೂ ಹೊರಗೆ ತೆಗೆದು, ಕಾಲಿನ ಉಂಗುರದ ಸಂಖ್ಯೆ ನೋಡಿ, ರೆಕ್ಕೆ ಬಿಡಿಸಿ, ಹೊಸ ಗರಿಯ ಮೊಳಕೆ ಅಳೆದು ಬರೆದಿಟ್ಟೆ. ಬೇರೆಯವರಿಗೆ ಕೊಡಲಿಲ್ಲ. ಯಾರನ್ನು ನಂಬುವುದು? ಹದಿನೇಳರ ಗೂಡಿನ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಬೆರಳು ಒಳಗೆ ಹಾಕಿ ಕತ್ತು ತುರಿಸಲು ನೋಡುತ್ತಿದ್ದೆ. ಮೂರನೆಯ ಗುರುವಾರ, ನಾನು ಬಾಗಿಲು ತೆರೆದ ಕೂಡಲೇ, ಅದು ಹೇಳಿತು: "ಒಂದೇ ಮಗಾ, ಒಂದೇ."

ನನ್ನದೇ ದನಿ! ಆ ಒರಟು ಗಂಡಸಿನ ಎಣಿಕೆ ಬಿಟ್ಟು ನನ್ನ ಮಾತು ಕಲಿತಿತ್ತು. ಸಂತೋಷದಿಂದ ನನಗೆ ಎದೆ ತುಂಬಿ ಬಂತು.

"ಅಷ್ಟು ಸಲ ಹೋಗ್ಬೇಡ ವಾರಿಜ" ಎಂದರು ಮಾವ, ನಾನು ಮನೆಯಲ್ಲಿ ಅದನ್ನು ಜಂಬದಿಂದ ಹೇಳಿದಾಗ. "ಕಿತ್ತ ಕೈಯನ್ನು ಹಕ್ಕಿ ಮರೆಯುದಿಲ್ಲ. ಬೇರೆ ಯಾರಾದ್ರೂ ನೋಡ್ಲಿ."

"ನೀವೊಬ್ರು! ನಿಮ್ಮ ಅಂಕದ ಕೋಳಿ ಅಲ್ಲ ಅದು. ನನ್ನ ಮಾತು ಕಲಿತಿದೆ ಅಂತ ಹೇಳ್ತಾ ಇದ್ದೇನೆ."

ಮಾವ ಬೊಳ್ಳೆಗೆ ಅಕ್ಕಿ ಹಾಕಲು ಎದ್ದು ಹೋದರು.

ಏಳನೆಯ ವಾರದ ಮೊದಲ ದಿನ ಆದೇಶ ಬಂತು. ತಾಯಿಮಡಿಲಿನಿಂದ ಆಮದು ಬಂದ್. ಇನ್ನು ಮುಂದೆ ಎಲ್ಲ ಬಂದರುಗಳಲ್ಲಿ ಹತ್ತೂ ಗರಿಗಳನ್ನು ನೋಡಬೇಕು. ತಿದ್ದಿದ ಸರಕಿಗೆ ಸೂಜಿ ಎಂಬ ನಿಯಮಕ್ಕೆ ತಡೆ. ನಮ್ಮ ನಲವತ್ತೆಂಟರ ಹೊಸ ಗರಿ ಓದಿ, ನಲವತ್ತರೊಳಗೆ ಇದ್ದರೆ ಸರಕಾರಿ ಪಕ್ಷಿಧಾಮಕ್ಕೆ ಕಳಿಸುವುದು. ಮೀರಿದ್ದಕ್ಕೆ ಹಳೆಯ ನಿಯಮವೇ. ಆದೇಶದ ತಲೆಯಲ್ಲಿ ಉಲ್ಲೇಖಗಳ ಪಟ್ಟಿ ಇತ್ತು. ನನ್ನ ವರದಿಯನ್ನು ಸಲ್ಡಾನಾ ಆ ಮಂಗಳವಾರವೇ ಕಳಿಸಿದ್ದರು. ಆಮೇಲೆ ವಾರಕ್ಕೊಂದರಂತೆ ಐದು ನೆನಪೋಲೆ ಬರೆದಿದ್ದರು. ಕೊನೆಯದರಲ್ಲಿ, ಆದೇಶ ಬಾರದಿದ್ದರೆ ತಾನು ರಾಜೀನಾಮೆ ಕೊಡುವುದಾಗಿಯೂ ಇತ್ತು.

ನಾನು ಅವರ ಮುಖ ನೋಡಲಾರದೆ ನಿಂತೆ. "ಡಾಕ್ಟ್ರೇ, ನಾನು ನಿಮ್ಮ ಬಗ್ಗೆ..."

"ಗೊತ್ತುಂಟು" ಎಂದರು ಅವರು. "ನಡೀರಿ, ಓದುವ."

ಮೊದಲ ಹಕ್ಕಿಗೆ ಇಪ್ಪತ್ತೊಂಬತ್ತು. ಎರಡನೆಯದಕ್ಕೆ ಮೂವತ್ತೊಂದು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು, ಆದರೂ ನಲವತ್ತರೊಳಗೆ. ಹದಿನಾರರ ತನಕ ಹಾಗೇ ನಡೆಯಿತು. ಹದಿನೇಳನೆಯದರ ಗರಿ ಓದಿದ ಯಂತ್ರ ಒಮ್ಮೆ ಸದ್ದು ಮಾಡಿತು. ಪರದೆಯ ಮೇಲೆ ಕೆಂಪು ಅಕ್ಷರ. ನಲವತ್ನಾಲ್ಕು.

"ಕಾಯಿಲೆ ಇರ್ಬಹುದಾ?" ಎಂದೆ.

ಸಲ್ಡಾನಾ ಏರಿಳಿತದ ಚಿತ್ರವನ್ನು ದೊಡ್ಡದು ಮಾಡಿದರು. ಕಾಯಿಲೆಯಾದರೆ ಎಲ್ಲ ದಿನವೂ ಎತ್ತರ ಇರಬೇಕಿತ್ತು. ಇಲ್ಲಿ ಬುಡದ ಗೆರೆ ಮಟ್ಟಸವಾಗಿತ್ತು, ಅದರ ನಡುವೆ ಚೂಪಾದ ಮೊನೆಗಳು. ಮೊನೆಯಿಂದ ಮೊನೆಗೆ ದಿನ ಎಣಿಸಿದೆ. ಏಳು. ಮತ್ತೆ ಏಳು. ಮತ್ತೆ ಏಳು. ಹಿಂದಿನ ಹದಿನಾರು ಹಕ್ಕಿಗಳ ಚಿತ್ರ ತೆರೆದು ನೋಡಿದೆ. ಅಲ್ಲೂ ಏಳು ದಿನಕ್ಕೊಂದು ಮೊನೆ ಇತ್ತು, ಇಷ್ಟು ಎತ್ತರ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿದೆ. ತಿರುಗುವ ಅಗತ್ಯ ಇರಲಿಲ್ಲ. ಒಂದೊಂದು ಮೊನೆಯೂ ಒಂದೊಂದು ಗುರುವಾರ.

ಬಂಗೇರ ಆರು ವಾರದಲ್ಲಿ ಒಂದು ಸಲವೂ ಈ ಕಡೆ ಬಂದಿರಲಿಲ್ಲ. ಕಾಳಿಗೆ ಯಾರೂ ಏನೂ ಬೆರೆಸಿರಲಿಲ್ಲ. ಹಕ್ಕಿಗಳನ್ನು ಹೆದರಿಸಲು ಆ ಕೋಣೆಗೆ ಬರುತ್ತಿದ್ದವಳು ನಾನೊಬ್ಬಳೇ. ಹದಿನೇಳನ್ನು ಮುದ್ದು ಮಾಡಿದ್ದಕ್ಕೆ ಅದಕ್ಕೆ ಹೆಚ್ಚಿನ ಪಾಲು.

"ಸೂಜಿಗೆ ನಾಳೆ ಬೆಳಿಗ್ಗೆ ತನಕ ಸಮಯ ಉಂಟು" ಎಂದರು ಸಲ್ಡಾನಾ.

ಇನ್ನೊಂದು ಉಪಾಯ ಹೊಳೆಯಿತು. ಇದು ಹೊಸ ಗರಿಯ ಮೊದಲ ಓದು, ನಾಳೆಯ ಎರಡನೆಯ ಓದಿಗೆ ಮೊದಲೇ ಅದನ್ನು ಮತ್ತೊಮ್ಮೆ ಕಿತ್ತರೆ ಇನ್ನೂ ಆರು ವಾರ ಸಿಗುತ್ತದೆ. ಗೂಡಿನ ಬಾಗಿಲು ತೆರೆದು ಕೈ ಚಾಚಿದೆ. ಮುಟ್ಟಿರಲಿಲ್ಲ ಇನ್ನೂ. ಹದಿನೇಳನೆಯದು ಕಣ್ಣು ಮುಚ್ಚಿಕೊಂಡು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ನನ್ನ ದನಿಯಲ್ಲಿ ಹೇಳಿತು: "ಒಂದೇ ಮಗಾ, ಒಂದೇ." ಸಮುದ್ರದ ಆಚೆಯ ಆ ಮನುಷ್ಯ ಹತ್ತು ಕೀಳುವಾಗ ಎಣಿಸುತ್ತಿದ್ದ. ನಾನು ಒಂದು ಕೀಳುವಾಗ ಹೀಗೆ ಹೇಳುತ್ತಿದ್ದೆ. ಹಕ್ಕಿಗೆ ಎರಡೂ ಒಂದೇ.

ಕೈ ಹಿಂದಕ್ಕೆ ತೆಗೆದುಕೊಂಡು ಗೂಡಿನ ಬಾಗಿಲು ಹಾಕಿದೆ. ಮೇಜಿಗೆ ಬಂದು ನಮೂನೆ ಎಳೆದುಕೊಂಡೆ. ರಬ್ಬರ್ ಸ್ಟಾಂಪು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅದನ್ನು ಡ್ರಾಯರಿಗೆ ಹಾಕಿ, ಪೆನ್ನು ತೆಗೆದು, 'ಸಂಕಟದ ಮೂಲ' ಎಂಬಲ್ಲಿ ಬರೆದೆ: ವಾರಿಜಾ, ಹಿರಿಯ ಪರೀಕ್ಷಕಿ, ಪಡುತೀರ. ಕೆಳಗೆ ರುಜು ಹಾಕಿದೆ. ಪರೀಕ್ಷಕಿಯ ಜಾಗದಲ್ಲೂ ನನ್ನದೇ ರುಜು.

ಸಲ್ಡಾನಾ ಓದಿ ಗಾಬರಿಯಾದರು. "ವಾರಿಜಾ, ನಿಮಗೆ ಇನ್ನೂ ನಾಲ್ಕು ವರ್ಷ ಸರ್ವಿಸ್ ಉಂಟು. ನೀವು ಅವನ್ನು ಉಳಿಸ್ಲಿಕ್ಕೆ ಮಾಡಿದ್ದಲ್ವಾ? ಅದನ್ನಾದ್ರೂ ಬರೀರಿ."

"ಅದಕ್ಕೆ ಅಂಕಣ ಇಲ್ಲ ಡಾಕ್ಟ್ರೇ" ಎಂದೆ.

ಕೈಗವಸು, ಉಂಗುರದ ಪಟ್ಟಿ, ಗಿಳಿಕೋಣೆಯ ಕೀಲಿಕೈ ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟೆ. ಉಳಿದ ಮೂವತ್ತೊಂದನ್ನು ಅವರೇ ಓದಿದರು, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಯಾವುದೂ ನಲವತ್ತು ದಾಟಲಿಲ್ಲ. ಸಂಜೆ ಹೊರಡುವ ಮುನ್ನ ಒಂದೇ ಒಂದು ಸಲ ಒಳಗೆ ಹೋಗಿ ಬರುವ ಮನಸ್ಸಾಯಿತು. ತಡೆದುಕೊಂಡೆ. ಕಾವಲುಗಾರನ ಕೋಣೆಯಲ್ಲಿ ಗಿಳಿಕೋಣೆಯ ಕ್ಯಾಮೆರಾದ ಪರದೆ ಉಂಟು. ಅದರ ಮುಂದೆ ಹೋಗಿ ನಿಂತೆ.

"ನಿಮಗೆ ಇದನ್ನು ತೋರಿಸ್ಬೇಕು ಅಂತ ಇದ್ದೆ ಅಕ್ಕ" ಎಂದ ಕಾವಲುಗಾರ. "ನೀವು ಗುರುವಾರ ಹೋಗಿ ಬಂದ್ಮೇಲೆ ನೋಡ್ಬೇಕು ಇವುಗಳ ಗಮ್ಮತ್ತು. ನೀವು ಗೇಟು ದಾಟುದೇ ತಡ."

ಪರದೆಯಲ್ಲಿ ಹದಿನೇಳನೆಯದು ಬಾಗಿಲಿನ ಕಡೆಗೇ ಕತ್ತು ಓರೆ ಮಾಡಿ ನೋಡುತ್ತಿತ್ತು. ತುಂಬ ಹೊತ್ತು ನೋಡಿತು. ಆಮೇಲೆ ಗೂಡಿನ ಮುಂಬದಿಗೆ ಬಂದು, ಮೈ ಮುರಿದು, ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿತು.